ಫ್ರಿಜ್‌ಗೆ ಸ್ಟಾರ್ ಇದೆ, ಬಾಡಿಗೆ ಮನೆಗೆ?

ಅಂಗಡಿಗೆ ಹೋಗಿ ಒಂದು ಫ್ರಿಜ್ ನೋಡಿ. ಬಾಗಿಲ ಮೇಲೆ ಸ್ಟಾರ್ ಇರುತ್ತೆ, ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಬೇಕು ಅಂತ ಬರೆದಿರುತ್ತೆ. ಫ್ರಾಸ್ಟ್ ಫ್ರೀ ಫ್ರಿಜ್‌ಗೆ, ಎ.ಸಿ.ಗೆ 2010ರಿಂದ ಇದು ಕಡ್ಡಾಯ. ಈಗ ಶೆಟ್ಟಿಹಳ್ಳಿಯಲ್ಲಿ ಒಂದು ಶೀಟ್ ಮನೆ ಬಾಡಿಗೆಗೆ ಹಿಡೀರಿ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಇಲ್ಲದೆ ಒಳಗೆ ಕೂರೋಕಾಗಲ್ಲ. ಆ ಮನೆಗೆ ಎಷ್ಟು ಸ್ಟಾರ್? ಕೇಳೋರೇ ಇಲ್ಲ. ಮನೆ ಕಟ್ಟಿದವರು ಮಾಲೀಕರು, ಸೆಕೆ ಅನುಭವಿಸೋರು ಬಾಡಿಗೆದಾರರು. ಇದಕ್ಕೊಂದು ಇತಿಹಾಸ ಇದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದಿದ್ದು 1905ರ ಆಗಸ್ಟ್ 5ರಂದು, ಅದೂ ಬೀದಿ ದೀಪಕ್ಕೆ. ಮನೆಗಳ ಸರದಿ ಆಮೇಲೆ. 1950ರ ದಶಕದಲ್ಲಿ ಜಾಲಹಳ್ಳಿಗೆ ಎಚ್.ಎಂ.ಟಿ., ಬಿ.ಇ.ಎಲ್. ಬಂದವು, ಮುಂದೆ ಪೀಣ್ಯ ಬೆಳೀತು. ದುಡಿಯೋಕೆ ಬಂದವರಿಗೆ ಸೂರು ಬೇಕಿತ್ತು. ಸುತ್ತಲಿನ ಹಳ್ಳಿಗಳು ಬಾಡಿಗೆ ಮನೆಗಳ ಬಡಾವಣೆಗಳಾದವು.

ಹಳೇ ಬಾಡಿಗೆದಾರನನ್ನ ಎಬ್ಬಿಸೋಕೆ ಸುಲಭದ ದಾರಿ ಯಾವುದು? ಕರೆಂಟು, ನೀರು ನಿಲ್ಲಿಸೋದು. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಇದನ್ನು ತಡೆಯಿತು. ಅದರ ಜಾಗಕ್ಕೆ 1999ರ ಕಾಯ್ದೆ 2001ರ ಕೊನೆಗೆ ಜಾರಿಗೆ ಬಂತು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ಮನೆಗಳನ್ನು ಅದು ಹೊರಗಿಟ್ಟಿತು. ಇವತ್ತು 3,500ಕ್ಕೆ ಎಂಥ ಮನೆ ಸಿಗುತ್ತೆ? ನೀವೇ ಹೇಳಿ.

2003ರ ವಿದ್ಯುತ್ ಕಾಯ್ದೆ ಒಂದು ಒಳ್ಳೇ ಕೆಲಸ ಮಾಡಿತು. ಮಾಲೀಕರು ಮಾತ್ರವಲ್ಲ, ಮನೆಯಲ್ಲಿ ವಾಸ ಇರುವವರೂ ಸಂಪರ್ಕ ಕೇಳಬಹುದು ಅಂದಿತು. ಆಮೇಲೆ ಗೃಹಜ್ಯೋತಿ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ. ತಾರೀಖು ಗಮನಿಸಿದ್ರಾ? ಬೆಂಗಳೂರಿಗೆ ದೀಪ ಬಂದ ದಿನವೇ. ಬಾಡಿಗೆದಾರರಿಗೂ ಯೋಜನೆ ಸಿಕ್ಕಿತು. ಆದರೆ ಲೆಕ್ಕ ಹಾಕಿದ್ದು ಆರ್.ಆರ್. ನಂಬರ್ ಮೇಲೆ: 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಗರಿಷ್ಠ 200 ಯೂನಿಟ್. ಮನೆ ಹೇಗಿದೆ ಅನ್ನೋ ಪ್ರಶ್ನೆಯೇ ಬರಲಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಪ್ರಶ್ನೆ ಕೇಳಿದರು. ಅಲ್ಲಿ ಮನೆಗೆ 'ಎ'ಯಿಂದ 'ಜಿ'ವರೆಗೆ ದರ್ಜೆ ಕೊಡುವ ಇಂಧನ ಪ್ರಮಾಣಪತ್ರ ಇದೆ. 2018ರ ಏಪ್ರಿಲ್‌ನಿಂದ, ಕನಿಷ್ಠ 'ಇ' ದರ್ಜೆ ಇಲ್ಲದಿದ್ದರೆ ಹೊಸಬರಿಗೆ ಬಾಡಿಗೆಗೆ ಕೊಡುವಂತಿಲ್ಲ. ಹಳೇ ಬಾಡಿಗೆದಾರರಿರುವ ಮನೆಗಳಿಗೂ 2020ರ ಏಪ್ರಿಲ್‌ನಿಂದ ಅದೇ ನಿಯಮ. ಕೆಲವು ವಿನಾಯಿತಿಗಳಿವೆ. ಮಾಲೀಕರ ಖರ್ಚಿಗೂ 3,500 ಪೌಂಡ್ ಮಿತಿ ಹಾಕಿದರು.

ನಮ್ಮಲ್ಲಿ? 2018ರಲ್ಲಿ ಕೇಂದ್ರ 'ಇಕೋ ನಿವಾಸ್ ಸಂಹಿತಾ' ತಂತು. ಗೋಡೆ, ಛಾವಣಿ, ಕಿಟಕಿ ಹೇಗಿದ್ದರೆ ಮನೆ ತಂಪಾಗಿರುತ್ತೆ ಅನ್ನೋದು ಅದರಲ್ಲಿದೆ. ಆದರೆ ಅದರ ಕಣ್ಣು ಹೊಸ ಕಟ್ಟಡಗಳ ಮೇಲೆ. ಶೆಟ್ಟಿಹಳ್ಳಿಯ ಹಳೇ ಶೀಟ್ ಮನೆ ಅದಕ್ಕೆ ಕಾಣಲ್ಲ.

ನಾಳೆ ನಮ್ಮಲ್ಲೂ ಬಾಡಿಗೆ ಮನೆಗೆ ಪ್ರಮಾಣಪತ್ರ ಬರಲಿ ಅಂತಲೇ ನಾನು ಹೇಳ್ತೀನಿ. ಆದರೆ ಒಂದು ಭಯ ಇದೆ. "ಮನೆ ರಿಪೇರಿ ಮಾಡಿಸಬೇಕು, ಖಾಲಿ ಮಾಡಿ" ಅಂದರೆ 11 ತಿಂಗಳ ಅಗ್ರಿಮೆಂಟ್ ಹಿಡಿದ ಕುಟುಂಬ ಎಲ್ಲಿಗೆ ಹೋಗಬೇಕು? ಹದಿನೈದು ವರ್ಷ ಅಲ್ಲೇ ಇದ್ದರೂ ಅವರ ಕೈಲಿರೋದು ಅದೊಂದೇ ಕಾಗದ. ಇನ್ನೊಂದು ಕಡೆ, ಎರಡು ಮನೆ ಬಾಡಿಗೆಯಲ್ಲೇ ಬದುಕುವ ನಿವೃತ್ತ ಕಾರ್ಮಿಕನೂ ಮಾಲೀಕನೇ. ಅವನ ತಲೆ ಮೇಲೂ ಲಕ್ಷಗಟ್ಟಲೆ ಖರ್ಚು ಹೊರಿಸೋದು ನ್ಯಾಯವಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಹಳೇ ಬಾಡಿಗೆದಾರರಿಗೆ ಕಾನೂನಿನ ರಕ್ಷಣೆ. ಆಮೇಲೆ ಸಣ್ಣ ಮಾಲೀಕರಿಗೆ ಸಹಾಯಧನ. ಪ್ರಮಾಣಪತ್ರ ಕೇಳೋದು ಕೊನೆಗೆ. ಇದು ತಿರುಗುಮುರುಗಾದರೆ ಮನೆಗೆ ಸ್ಟಾರ್ ಬರುತ್ತೆ, ಆದರೆ ಅಷ್ಟು ವರ್ಷ ಅಲ್ಲಿದ್ದವರು ಅಲ್ಲಿರಲ್ಲ.