ಉಳಿಯ ಬೆನ್ನಿಗೆ ನಿಂತ ಕೊಡತಿ

ಹಂಗಾರಕಟ್ಟೆಯ ಅಳಿವೆಯಲ್ಲಿ ಹಡಗು ಕಟ್ಟುವ ಕೆಲಸವೆಂದರೆ ಈಗ ಉಕ್ಕಿನ ಕೆಲಸ. 2020ರಲ್ಲಿ ಟೆಬ್ಮಾ ಶಿಪ್‌ಯಾರ್ಡನ್ನು ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡ ಮೇಲೆ ಹತ್ತಿರದ ಮಲ್ಪೆಯಲ್ಲಿ ಉಕ್ಕಿನ ಟಗ್‌ಗಳು ನೀರಿಗಿಳಿಯುತ್ತಿವೆ. ಮಂಜಿ, ಮಚ್ವೆಗಳೆಂಬ ಮರದ ಹಡಗುಗಳ ಕಾಲದಲ್ಲಿ ಈ ಕರಾವಳಿಯ ಅಳಿವೆಗಳಲ್ಲಿ ಕೇಳುತ್ತಿದ್ದುದು ಕೊಡತಿಯ, ಅಂದರೆ ಮರದ ಸುತ್ತಿಗೆಯ, ಪೆಟ್ಟು.

ಮರದ ಹಡಗಿಗೆ ನೀರು ನುಗ್ಗದಂತೆ ಹಲಗೆಗಳ ಸಂದಿಗೆ ಹತ್ತಿಯ ಹುರಿ ಇಟ್ಟು, ಮೊಂಡು ಉಳಿಯಿಂದ ಒಳಕ್ಕೆ ತುರುಕಬೇಕು. ಸಂದು ಬಿಗಿಯಾದಂತೆ ಪೆಟ್ಟಿನ ದನಿ ಬದಲಾಗುತ್ತದೆ. ಪಳಗಿದವರು ಕಣ್ಣಿಗಿಂತ ಕಿವಿಯನ್ನೇ ನಂಬುತ್ತಾರೆ. ಯುರೋಪಿನ ಹಡಗುಕಟ್ಟೆಗಳಲ್ಲಂತೂ ದನಿ ಚೆನ್ನಾಗಿ ಏಳಲೆಂದು ಕೊಡತಿಯ ತಲೆಯಲ್ಲಿ ಸೀಳು ಬಿಟ್ಟು, ಒಡೆಯದಂತೆ ಕಬ್ಬಿಣದ ಬಳೆ ತೊಡಿಸುತ್ತಿದ್ದರು.

ಉಪಕರಣ ಬಹಳ ಹಳೆಯದು. ಈಜಿಪ್ಟಿನ ರೆಖ್‌ಮಿರೆಯ ಸಮಾಧಿಯ ಸುಮಾರು 3,400 ವರ್ಷಗಳ ಹಿಂದಿನ ಚಿತ್ರದಲ್ಲಿ ಬಡಗಿಗಳು ಗದೆಯಂಥ ಕೊಡತಿಯಿಂದ ಉಳಿ ಬಡಿಯುತ್ತಿದ್ದಾರೆ. ಹಿಡಿ, ತಲೆ ಎರಡೂ ಒಂದೇ ತುಂಡು.

ಮುಂದೆ ದಾರಿ ಕವಲೊಡೆಯಿತು. ಬಾಗಿಲುವಾಡಕ್ಕೆ ತೂತು ಕೊರೆಯುವವರಿಗೆ ಚಪ್ಪಟೆ ಮುಖದ, ಭಾರದ ಕೊಡತಿ ಬೇಕು. ಕೆತ್ತುವವರಿಗೆ ಉರುಟು ತಲೆಯದೇ ಸರಿ. ಅವರ ಉಳಿ ಕ್ಷಣಕ್ಕೊಂದು ಕಡೆ ತಿರುಗುತ್ತದೆ. ತಲೆ ಉರುಟಾಗಿದ್ದರೆ ಹೇಗೆ ಬೀಸಿದರೂ ಪೆಟ್ಟು ಕೂರುತ್ತದೆ, ನೋಟ ಉಳಿಯ ಬಾಯಿಯಿಂದ ಕದಲಬೇಕಿಲ್ಲ. ಕಬ್ಬಿಣದ ಸುತ್ತಿಗೆಯಾದರೆ ಮರದ ಹಿಡಿಯ ಉಳಿ ಬೇಗ ತಲೆ ಒಡೆದುಕೊಳ್ಳುತ್ತದೆ.

ಇಲ್ಲಿ ನಿಜವಾಗಿ ನೋಡಬೇಕಾದದ್ದು ಮರವನ್ನು. ಪಶ್ಚಿಮದ ಕೆತ್ತನೆಗಾರರು ಮೆಚ್ಚಿದ್ದು ನೀರಲ್ಲಿ ಮುಳುಗುವಷ್ಟು ಭಾರದ ಲಿಗ್ನಮ್ ವೈಟೆಯನ್ನು. ಕಡಿದು ಕಡಿದು ಅದು ಅಪರೂಪವಾಗಿ, ಅದರ ವ್ಯಾಪಾರಕ್ಕೆ ಈಗ ಅಂತರರಾಷ್ಟ್ರೀಯ ಕಡಿವಾಣವಿದೆ. ನಮ್ಮಲ್ಲಿ ಹುಣಸೆ ಇರುವಾಗ ಆ ಕೊರಗೇ ಬೇಡ. ಅದರ ತಿರುಳಿನ ಎಳೆಗಳು ಹೆಣೆದುಕೊಂಡಿರುವುದರಿಂದ ಪೆಟ್ಟಿಗೆ ಸುಲಭವಾಗಿ ಸೀಳುವುದಿಲ್ಲ. ಹಸಿ ತುಂಡಿನ ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಚಪ್ಪಟೆ ಕೊಡತಿಗೆ ಎಳೆ ತಲೆಯ ಉದ್ದಕ್ಕಿದ್ದು, ಪೆಟ್ಟು ಎಳೆಯ ತುದಿಗೆ ಬೀಳಬೇಕು. ಹಿಡಿಯ ತೂತನ್ನು ಮೇಲ್ಬದಿಗೆ ತುಸು ಅಗಲಿಸಿ, ಅದಕ್ಕೊಪ್ಪುವ ಹಿಡಿಯನ್ನು ಮೇಲಿನಿಂದ ಇಳಿಸಿದರೆ ಬೀಸಿದಷ್ಟೂ ತಲೆ ಬಿಗಿಯಾಗುತ್ತದೆ. ಬೆಣೆಯೂ ಬೇಡ, ಅಂಟೂ ಬೇಡ. ಭಾರವನ್ನು ತೋಳಿನ ಅಳವಿಗೆ ತಕ್ಕಂತೆ ಆರಿಸಬೇಕು. ನವಿರು ಕೆತ್ತನೆಗೆ ಅರ್ಧ ಕಿಲೋದೊಳಗಿನದು ಸಾಕು, ದೊಡ್ಡ ತೂತಿಗೆ ಕಿಲೋದ ಹತ್ತಿರದ್ದು.

ಈ ಸೀಮೆಯ ಮರಗೆತ್ತನೆಯ ದೊಡ್ಡ ಸಾಕ್ಷಿ ಹಂಗಾರಕಟ್ಟೆಯಿಂದ ಒಳನಾಡಿನತ್ತ, ಶಿರಿಯಾರದ ಬಳಿಯ ಮೆಕ್ಕೆಕಟ್ಟಿನದು. ಅಲ್ಲಿನ ನಂದಿಕೇಶ್ವರ ದೇವಸ್ಥಾನದ ಹಳೆಯ ಭೂತದ ಮರದ ಮೂರ್ತಿಗಳು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಆ ಅಗಲವಾದ ಕಣ್ಣು, ಬಿಗಿದ ದವಡೆಗಳ ಮುಂದೆ ನಿಂತವರಿಗೆ ಉಳಿಯ ಜಾಡು ಕಾಣುತ್ತದೆ. ಉಳಿಯನ್ನು ಅಷ್ಟು ಆಳಕ್ಕೆ ಇಳಿಸಿದ ಕೊಡತಿಗಳನ್ನು ಮಾತ್ರ ಯಾರೂ ಎತ್ತಿಡಲಿಲ್ಲ. ತಲೆ ಸವೆದ ಕೊಡತಿ ಒಲೆಗೆ ಹೋಗುವುದೇ ರೂಢಿ.

ಇಂದು ಪ್ಲಾಸ್ಟಿಕ್ ಹಿಡಿಯ ಉಳಿ, ಕೊರೆಯುವ ಯಂತ್ರ ಬಂದು ಬಡಗಿಯ ಚೀಲದಲ್ಲಿ ಕೊಡತಿಯ ಜಾಗ ಕಿರಿದಾಗಿದೆ. ಆದರೂ ಕಾರ್ಕಳದ ಮಿಯಾರಿನ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಯುವಕರು ಕಲ್ಲು, ಲೋಹದ ಜೊತೆಗೆ ಮರಗೆತ್ತನೆಯನ್ನೂ ಕಲಿಯುತ್ತಿದ್ದಾರೆ. ಹುಣಸೆಯ ತುಂಡೊಂದನ್ನು ನೆರಳಿಗಿಟ್ಟು ತಮ್ಮ ಕೊಡತಿಯನ್ನು ತಾವೇ ಮಾಡಿಕೊಳ್ಳಲು ಅವರಿಗೆ ಬೇಕಾದದ್ದು ಒಂದು ಬಾಚಿ, ಒಂದು ಉಳಿ, ಒಂದು ಮಳೆಗಾಲದ ತಾಳ್ಮೆ.