ನವಕಂಬಲವೂ ಚಳ್ಳಕೆರೆಯ ಕಂಬಳಿಯೂ

ನ್ಯಾಯಶಾಸ್ತ್ರದ ಬಾಗಿಲನ್ನಾದರೂ ಕಂಡವರಿಗೆ ‘ನವಕಂಬಲ’ನ ಪರಿಚಯ ಇದ್ದೇ ಇರುವುದು. ಗೌತಮನು ಹೇಳಿದ ವಾಕ್ಛಲವನ್ನು ವಿವರಿಸುವಾಗ ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಉದಾಹರಣೆ ಅದು. ಹೊಸ ಕಂಬಳಿಯನ್ನು ಹೊದ್ದ ಹುಡುಗನೊಬ್ಬನನ್ನು ಕಂಡು ಇವನು ನವಕಂಬಲನೆಂದು ಒಬ್ಬನು ಹೇಳಿದರೆ, ಛಲವಾದಿಯಾದವನು ನವಶಬ್ದಕ್ಕೆ ಒಂಬತ್ತೆಂಬ ಅರ್ಥವನ್ನು ಹಿಡಿದು, ಇವನಲ್ಲಿರುವುದು ಒಂದೇ, ಮಿಕ್ಕ ಎಂಟೆಲ್ಲಿ ಎಂದು ಕೇಳುವನು. ಪಾಠಶಾಲೆಯಲ್ಲಿ ಈ ಪಂಕ್ತಿಯನ್ನು ನಾವು ಎಷ್ಟೋ ಸಲ ಆವೃತ್ತಿ ಮಾಡಿದೆವು. ನವಶಬ್ದದ ಎರಡರ್ಥಗಳ ಮೇಲೆ ವಾದಿಸಿ ನಕ್ಕೆವು. ಕಂಬಲವೆಂಬ ಇನ್ನೊಂದು ಶಬ್ದದ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಅದು ಎಂಥದು, ಎಷ್ಟು ತೂಕದ್ದು, ಯಾರು ನೆಯ್ದದ್ದು ಎಂದು ನಾವು ಕೇಳಲಿಲ್ಲ, ಗುರುಗಳೂ ಹೇಳಲಿಲ್ಲ. ಆದರೆ ಪಾಠ ನಡೆಯುತ್ತಿದ್ದ ಜಗುಲಿಯ ಮೇಲೆ ನಾವು ಕುಳಿತಿದ್ದುದು ಚಳ್ಳಕೆರೆಯ ಕರಿಯ ಕಂಬಳಿಯ ಮೇಲೆಯೇ.

ಆಗ ಕೇಳದ ಪ್ರಶ್ನೆಯನ್ನು ಈಗ ಕೇಳಬೇಕೆಂಬುದು ಈ ಲೇಖನದ ಉದ್ದೇಶ. ಚಳ್ಳಕೆರೆ, ಮೊಳಕಾಲ್ಮೂರು ಈ ಎರಡು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಆಂಧ್ರದೇಶದ ಗಡಿಗೆ ತಗುಲಿಕೊಂಡಿವೆ. ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರಗಳಲ್ಲಿ 1892ರಲ್ಲಿ ರೈಸ್ ಸಾಹೇಬರು ಅಶೋಕನ ಶಾಸನಗಳನ್ನು ಕಂಡುಹಿಡಿದಂದಿನಿಂದ ಈ ನೆಲವು ವಿದ್ವಾಂಸರ ಲೇಖನಿಗೆ ಸಿಕ್ಕಿದೆ. ಆದರೆ ಬಂಡೆಯ ಮೇಲಿನ ಅಕ್ಷರವನ್ನು ಓದಲು ಹೋದವರು ಆ ಬಂಡೆಯ ನೆರಳಿನಲ್ಲಿ ಕುರಿಯನ್ನು ನಿಲ್ಲಿಸಿಕೊಂಡು ನಿಂತವನ ಹೆಗಲ ಮೇಲಿನ ವಸ್ತ್ರವನ್ನು ಓದಲಿಲ್ಲ. ಅದೂ ಒಂದು ಶಾಸನವೆಂದೂ, ಅದರ ನೆರವಿಲ್ಲದೆ ನಮ್ಮ ಪ್ರಾಚೀನ ಗ್ರಂಥಗಳ ಕೆಲವು ಮಾತುಗಳು ಅರ್ಥವಾಗವೆಂದೂ ನಾನು ಈಗ ನಂಬಿದ್ದೇನೆ.

ಮೊದಲು ಗ್ರಂಥಗಳ ಮಾತು. ಕಂಬಲಶಬ್ದವು ಅಥರ್ವವೇದದ ವಿವಾಹಕಾಂಡದಲ್ಲಿಯೇ ಬಂದಿದೆ. ಪಾಣಿನಿಯು ಅದನ್ನು ಒಂದಕ್ಕಿಂತ ಹೆಚ್ಚು ಸೂತ್ರಗಳಲ್ಲಿ ಎತ್ತಿಕೊಂಡಿರುವನು. ಐದನೆಯ ಅಧ್ಯಾಯದ ಆರಂಭದಲ್ಲಿ ಕಂಬಲದಿಂದ ‘ಕಂಬಲ್ಯ’ವೆಂಬ ಸಂಜ್ಞಾಶಬ್ದವನ್ನು ಸಾಧಿಸಿದ್ದಾನೆ, ಅದು ನೂರು ಪಲ ಉಣ್ಣೆಯ ಹೆಸರೆಂದು ಕಾಶಿಕಾವೃತ್ತಿಯು ವಿವರಿಸುವುದು. ಆರನೆಯ ಅಧ್ಯಾಯದ ಸ್ವರಪ್ರಕರಣದಲ್ಲಿ ‘ಪಣ್ಯಕಂಬಲ’ವೆಂಬ ಸಮಾಸವಿದೆ. ಮಾರಾಟಕ್ಕಿಟ್ಟ ಯಾವ ಕಂಬಳಿಗೂ ಆ ಸ್ವರ ಸಲ್ಲದು, ಸಂಜ್ಞೆಯಾದಾಗ ಮಾತ್ರ ಸಲ್ಲುವುದೆಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿರುವರು. ಎಂದರೆ, ಪೇಟೆಯಲ್ಲಿ ಗೊತ್ತಾದ ಅಳತೆ, ಗೊತ್ತಾದ ಬೆಲೆಯುಳ್ಳ ಒಂದು ಬಗೆಯ ಕಂಬಳಿಗೆ ಆ ಹೆಸರಿದ್ದಿತು. ಕೊಳ್ಳುವವನೂ ಮಾರುವವನೂ ಆ ಶಬ್ದವನ್ನು ಬೇರೊಂದು ಸ್ವರದಲ್ಲಿ ಉಚ್ಚರಿಸುತ್ತಿದ್ದರು. ಉದಾತ್ತಾನುದಾತ್ತಗಳು ವೇದಪಾಠಕರ ಸೊತ್ತೆಂದೇ ನಂಬಿದವರಿಗೆ ಈ ಸಂತೆಯ ಸ್ವರವು ಸ್ವಲ್ಪ ಮುಜುಗರವನ್ನುಂಟುಮಾಡೀತು.

ನೂರು ಪಲವೆಂದರೆ ಎಷ್ಟು? ಮನುವಿನ ಲೆಕ್ಕದಂತೆ ಐದು ಗುಲಗಂಜಿಗೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಸುವರ್ಣ, ನಾಲ್ಕು ಸುವರ್ಣಕ್ಕೆ ಒಂದು ಪಲ. ಹಾಗಾದರೆ ನೂರು ಪಲಕ್ಕೆ 32,000 ಗುಲಗಂಜಿಗಳಾದುವು. ಗುಲಗಂಜಿಯ ತೂಕವು ಬಳ್ಳಿಯಿಂದ ಬಳ್ಳಿಗೆ ಬೇರೆಯಾಗುವುದಾದರೂ ಒಟ್ಟು ನಾಲ್ಕು ಕಿಲೋಗ್ರಾಮಿನ ಸುತ್ತಮುತ್ತ ಬರುವುದು. ಈ ಲೆಕ್ಕವನ್ನು ಹಿಡಿದುಕೊಂಡು ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ನೇಕಾರರ ಬಳಿಗೆ ಹೋದೆನು. ದೊಡ್ಡದೊಂದು ಕಂಬಳಿಗೆ ಎಷ್ಟು ಉಣ್ಣೆ ಬೇಕು ಎಂದು ಕೇಳಿದುದಕ್ಕೆ ಅವರು, “ಸ್ವಾಮೇರಾ, ನಾಕು ಕೇಜಿ ತರ್ರಿ, ತೊಳ್ದು ಹಿಂಜೋದ್ರಾಗೆ ಒಂದು ಹೋಗ್ತೈತೆ, ಉಳಿದಿದ್ರಾಗೆ ನೇಯ್ತೀನಿ” ಎಂದರು. ಪಾಣಿನಿಯ ಹೆಸರನ್ನು ನಾನು ಎತ್ತಿರಲಿಲ್ಲ. ಇದು ಕಾಕತಾಲೀಯವೇ ಇರಬಹುದು. ಒಬ್ಬ ನೇಕಾರರ ಮಾತಿನಿಂದ ಸೂತ್ರಾರ್ಥವನ್ನು ಸ್ಥಾಪಿಸುವಷ್ಟು ಸಾಹಸಿಯು ನಾನಲ್ಲ. ಆದರೆ ಕಂಬಳಿಯ ಹೆಸರಿನಿಂದ ಉಣ್ಣೆಯ ತೂಕಕ್ಕೆ ಹೆಸರಾಯಿತೇಕೆ ಎಂಬ ಶಂಕೆಯು ಅಂದು ನನಗೆ ಪರಿಹಾರವಾಯಿತು. ಕಂಬಲ್ಯವೆಂದರೆ ಕಂಬಳಿಗೆ ಹಿತವಾದುದು, ಒಂದು ಕಂಬಳಿಗೆ ಸಾಕಾಗುವಷ್ಟು. ಒಂದು ಕುರಿಯು ಒಂದು ಸಲದ ಕತ್ತರಿಗೆ ಅರ್ಧ ಕಿಲೋ ಉಣ್ಣೆಯನ್ನು ಕೊಡುವುದೂ ಅಪರೂಪವಾದುದರಿಂದ, ಆ ಹುಡುಗನ ಹೆಗಲ ಮೇಲಿದ್ದುದು ಹತ್ತು ಹನ್ನೆರಡು ಕುರಿಗಳ ಒಂದು ಋತುವಿನ ಉಣ್ಣೆ. ಒಂಬತ್ತು ಕಂಬಳಿಗಳಿದ್ದರೆ ಅವನು ನೂರು ಕುರಿಗಳ ಒಡೆಯನೇ ಆಗಬೇಕಾಗಿದ್ದಿತು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಶಕ್ಕೆ ಸೇರತಕ್ಕ ವಸ್ತುಗಳನ್ನು ಪರೀಕ್ಷಿಸುವ ಪ್ರಕರಣವು ಇನ್ನೂ ಸಮೃದ್ಧವಾದುದು. ಅಲ್ಲಿ ಆವಿಕ, ಅಂದರೆ ಕುರಿಯುಣ್ಣೆಯ ವಸ್ತ್ರವು ಬಿಳಿದು, ಅಚ್ಚಗೆಂಪು, ಅರೆಗೆಂಪು ಎಂದು ಬಣ್ಣದಿಂದ ಮೂರು ವಿಧವಾಗಿಯೂ, ಖಚಿತ, ವಾನಚಿತ್ರ, ಖಂಡಸಂಘಾತ್ಯ, ತಂತುವಿಚ್ಛಿನ್ನ ಎಂದು ಕೆಲಸದಿಂದ ನಾಲ್ಕು ವಿಧವಾಗಿಯೂ ವಿಂಗಡಿಸಲ್ಪಟ್ಟಿದೆ. ಇವುಗಳಲ್ಲಿ ಖಂಡಸಂಘಾತ್ಯವೆಂದರೆ ಚಿಂದಿಗಳನ್ನು ಕೂಡಿಸಿ ಹೊಲಿದ ಕೌದಿಯೆಂದು ನಾನು ಬಹುಕಾಲ ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದೆನು. ಅದು ತಪ್ಪೆಂದು ತೋರಿಸಿಕೊಟ್ಟುದು ನಮ್ಮ ಮನೆಯ ಪೆಟ್ಟಿಗೆಯಲ್ಲಿದ್ದ ಅಜ್ಜನ ಕಂಬಳಿ. ಕರಿಯ ಮೈ, ಎರಡು ಕಡೆಯೂ ಬಿಳಿ, ಬೂದಿ, ಕಂದುಗಳ ಪಟ್ಟೆಗಳು, ತುದಿಗಳಲ್ಲಿ ಕೆಂಪು ಹಳದಿ ದಾರದ ಹೊಲಿಗೆ. ಮೈಯ ನಡುವೆ ಉದ್ದಕ್ಕೂ ಒಂದು ಕೂಡುಗೆರೆ ಇರುವುದನ್ನು ನಾನು ಐವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನೋಡಿದೆನು! ಅದು ಹರಿದು ಹೊಲಿದುದಲ್ಲ. ಮಗ್ಗದ ಅಗಲವು ಮನುಷ್ಯನ ತೋಳಿನ ಅಳತೆಯನ್ನು ಮೀರಲಾರದಾದುದರಿಂದ, ಅಗಲವಾದ ಹೊದಿಕೆ ಬೇಕಾದಾಗ ಎರಡು ಪಟ್ಟಿಗಳನ್ನು ನೆಯ್ದು ಅಂಚಿಗೆ ಅಂಚನ್ನು ಕೂಡಿಸುವರು. ಕೌಟಿಲ್ಯನ ಖಂಡವು ಚಿಂದಿಯಲ್ಲ, ಮಗ್ಗದಿಂದಿಳಿದ ಪಟ್ಟಿಯೆಂದು ನನ್ನ ಅಭಿಪ್ರಾಯ. ಅದೇ ಪ್ರಕರಣದಲ್ಲಿ ನೇಪಾಳದ, ಎಂಟು ತುಂಡುಗಳನ್ನು ಕೂಡಿಸಿ ಮಾಡಿದ, ಮಳೆಯನ್ನು ತಡೆಯುವ ಕರಿಯ ಕಂಬಳಿಯನ್ನು ಹೇಳಿರುವುದೂ ಈ ಅರ್ಥಕ್ಕೇ ಅನುಕೂಲವಾಗಿದೆ. ಮಳೆಯನ್ನು ತಡೆಯಬೇಕಾದುದನ್ನು ಯಾರೂ ಚಿಂದಿಯಿಂದ ಮಾಡುವುದಿಲ್ಲ.

ಪಟ್ಟೆಯ ವಿಷಯವೂ ಹಾಗೆಯೇ. ವಾನಚಿತ್ರವೆಂದರೆ ನೆಯ್ಯುವಾಗಲೇ ಮೂಡಿಬರುವ ಚಿತ್ರ. ಖಚಿತವು ಆಮೇಲೆ ಸೂಜಿಯಿಂದ ಮಾಡುವುದು. ಹಾಸಿನಲ್ಲಿ ಬಣ್ಣದ ಎಳೆಗಳನ್ನಿಟ್ಟರೆ ಪಟ್ಟೆಯು ಉದ್ದಕ್ಕೆ ಓಡುವುದು, ಹೊಕ್ಕಿನಲ್ಲಿ ಬದಲಾಯಿಸಿದರೆ ಅಡ್ಡಕ್ಕೆ ಬೀಳುವುದು, ಎರಡರಲ್ಲಿಯೂ ಇಟ್ಟರೆ ಚೌಕುಳಿಯಾಗುವುದು. ಚಳ್ಳಕೆರೆಯ ಸೀಮೆಯ ಹಳೆಯ ಕಂಬಳಿಯಲ್ಲಿ ಈ ಬಣ್ಣಗಳಿಗೆ ಬಣ್ಣಗಾರನ ಹಂಗಿಲ್ಲ. ಕರಿದು, ಬಿಳಿದು, ಕಂದು, ಇವೆಲ್ಲ ಕುರಿಯ ಮೈಯ ಬಣ್ಣಗಳೇ. ಕರಿಯನ್ನೂ ಬಿಳಿಯನ್ನೂ ಬೆರೆಸಿ ಹಿಂಜಿದರೆ ಬೂದಿಯು ಬರುವುದು. ಆದುದರಿಂದ ಪಟ್ಟೆಯ ಕಂಬಳಿಯನ್ನು ನೆಯ್ಯಬೇಕೆಂದವನು ಕತ್ತರಿಯ ದಿನದಿಂದಲೇ ಉಣ್ಣೆಯನ್ನು ಬಣ್ಣಬಣ್ಣವಾಗಿ ಬೇರೆ ಗಂಟು ಕಟ್ಟಿಡಬೇಕು. ಈಗ ಪಟ್ಟಣಗಳ ಮನೆಗಳಲ್ಲಿ ಹೆಣ್ಣುಮಕ್ಕಳು ಕೊಕ್ಕೆಕಡ್ಡಿಯಿಂದ ಬಣ್ಣಬಣ್ಣದ ನೂಲಿನ ದೊಡ್ಡ ಹೊದಿಕೆಗಳನ್ನು ಹೆಣೆಯುವುದುಂಟು, ಅವೂ ಪಟ್ಟೆಪಟ್ಟೆಯಾಗಿ ಚೆಲುವಾಗಿಯೇ ಇರುವುವು. ಅದಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಒಂದೇ ಎಳೆಯು ತನ್ನನ್ನು ತಾನೇ ಕುಣಿಕೆಯಾಗಿ ಹಿಡಿದುಕೊಂಡು ಹೋಗುವುದು. ಹೆಣಿಗೆಗೂ ನೆಯ್ಗೆಗೂ ಕನ್ನಡವು ಎರಡು ಬೇರೆ ಧಾತುಗಳನ್ನು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ.

ಕೆಲಸದ ಕ್ರಮವನ್ನು ಸಂಗ್ರಹವಾಗಿ ಹೇಳುವೆನು. ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಬಿಲ್ಲಿನ ಹೆದೆಯಿಂದ ಹೊಡೆದು ಹಿಂಜುವರು. ಹಂಜಿ ಮಾಡಿ ರಾಟೆಯಲ್ಲಿ ನೂಲುವುದು ಹೆಂಗಸರ ಕೆಲಸ. ಹಾಸಿನ ನೂಲನ್ನು ಬಯಲಿನಲ್ಲಿ ಹುರಿಗಟ್ಟಿ, ಹುಣಿಸೆಬೀಜವನ್ನು ಅರೆದು ಕುದಿಸಿದ ಸರಿಯನ್ನು ಕುಂಚದಿಂದ ಬಳಿದು ಒಣಗಿಸುವರು. ಒರಟಾದ ಉಣ್ಣೆಯ ನೂಲು ಈ ಸರಿಯಿಲ್ಲದೆ ಹಣಿಗೆಯ ಉಜ್ಜಾಟವನ್ನು ತಾಳಲಾರದು. ಆಮೇಲೆ ಗುಂಡಿಮಗ್ಗದಲ್ಲಿ ಗಂಡಸರು ನೆಯ್ಯುವರು. ಉಣ್ಣೆಯ ಸಹಜವಾದ ಜಿಡ್ಡೂ ದಟ್ಟವಾದ ನೆಯ್ಗೆಯೂ ಸೇರಿ ನೀರು ಬೇಗನೆ ಒಳಗಿಳಿಯದು. ಕರ್ಣಾಟಕದಲ್ಲಿ ಅತ್ಯಲ್ಪ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ, ಮಲೆನಾಡಿನವರು ಕೊಪ್ಪೆಹಾಕಿಕೊಂಡು ಗದ್ದೆಗಿಳಿಯುವುದಕ್ಕೆ ತಕ್ಕ ವಸ್ತ್ರವು ಹುಟ್ಟಿತೆಂಬುದು ವಿಚಿತ್ರ. ಒಣನೆಲದಲ್ಲಿ ಬಾಳುವ ಕುರಿಗೆ ತೇವದ ನೆಲವು ಆಗದು. ಕುರಿಯಿದ್ದಲ್ಲಿ ಮಳೆಯಿಲ್ಲ, ಮಳೆಯಿದ್ದಲ್ಲಿ ಕುರಿಯಿಲ್ಲ. ಆದಕಾರಣವೇ ಸಂತೆಯು ಬೆಳೆಯಿತು. 1801ರಲ್ಲಿ ಈ ಕಡೆ ಸಂಚರಿಸಿದ ಬುಕಾನನ್ನನು ದಾವಣಗೆರೆಯ ಕಂಬಳಿಯ ಉದ್ಯಮವನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿರುವನು.

ಶಬ್ದಗಳ ಕಡೆಗೆ ನೋಡಿದರೆ ಇನ್ನೊಂದು ವಿಷಯ ಹೊಳೆಯುವುದು. ಕಂಬಳಿಯು ಸಂಸ್ಕೃತದ ಕಂಬಲದೊಡನೆಯೂ, ಉಣ್ಣೆಯು ಪ್ರಾಕೃತದ ದ್ವಾರಾ ಊರ್ಣಾಶಬ್ದದೊಡನೆಯೂ ಸಂಬಂಧವುಳ್ಳವು. ಆದರೆ ಕುರಿ, ನೂಲು, ಹಾಸು, ಹೊಕ್ಕು, ನೆಯ್, ಹಿಂಜು ಇವೆಲ್ಲ ಅಚ್ಚಗನ್ನಡ. ವಸ್ತುವಿನ ಹೆಸರು ಸಂತೆಯಿಂದ ಸಂತೆಗೆ ತಿರುಗಿತು, ಕೆಲಸದ ಹೆಸರು ಗುಂಡಿಮಗ್ಗದಲ್ಲಿಯೇ ಉಳಿಯಿತು. ಕುರುಬರಲ್ಲಿ ಮದುವೆಯ ಕಂಕಣವನ್ನು ಉಣ್ಣೆಯಿಂದ ಕಟ್ಟುವವರು ಉಣ್ಣೆಕಂಕಣದವರೆಂದೂ ಹತ್ತಿಯಿಂದ ಕಟ್ಟುವವರು ಹತ್ತಿಕಂಕಣದವರೆಂದೂ ಪಂಗಡಗಳಿರುವುದು ಪ್ರಸಿದ್ಧ; ಒಂದು ಎಳೆಯ ನೂಲಿನಿಂದ ಕುಲವನ್ನು ಗುರುತಿಸುವ ಜನರಲ್ಲಿ ನೂಲಿನ ಮಾತುಗಳು ಎಷ್ಟಿರಬೇಡ! ಮೈಲಾರನ ಗೊರವರ ಕರಿಯ ನಿಲುವಂಗಿಯೂ ಕಂಬಳಿಯದೇ. ಇತ್ತ ನಮ್ಮ ಮನೆಗಳಲ್ಲಿಯೂ, ಹತ್ತಿಯ ಬಟ್ಟೆಯು ಮುಟ್ಟಿದರೆ ಮೈಲಿಗೆ, ಧಾವಳಿಗೆ ಮೈಲಿಗೆಯಿಲ್ಲ. ಯಾರನ್ನು ಒಳಗೆ ಕರೆಯುತ್ತಿರಲಿಲ್ಲವೋ ಅವರು ನೆಯ್ದ ವಸ್ತ್ರವು ದೇವರಮನೆಯವರೆಗೆ ಹೋಗುತ್ತಿದ್ದುದನ್ನು ನಮ್ಮ ಹಿರಿಯರು ಗಮನಿಸಿದ್ದರೋ ಇಲ್ಲವೋ, ನಾವು ಗಮನಿಸದಿರುವುದು ನ್ಯಾಯವಲ್ಲ.

ಮನುವು ದ್ರವ್ಯಶುದ್ಧಿಯನ್ನು ಹೇಳುವಲ್ಲಿ ರೇಷ್ಮೆಯನ್ನೂ ಕುರಿಯುಣ್ಣೆಯನ್ನೂ ಒಂದೇ ಸಮಾಸದಲ್ಲಿ ಕೂಡಿಸಿ, ಎರಡಕ್ಕೂ ಸವುಳುಮಣ್ಣಿನಿಂದ ಶುದ್ಧಿಯನ್ನು ವಿಧಿಸಿರುವನು. ಆ ಸಮಾಸವನ್ನು ಓದುವಾಗಲೆಲ್ಲ ನನಗೆ ಈ ಎರಡು ತಾಲ್ಲೂಕುಗಳ ನೆನಪಾಗುವುದು: ಮೊಳಕಾಲ್ಮೂರು ರೇಷ್ಮೆಸೀರೆಗೆ, ಚಳ್ಳಕೆರೆ ಕಂಬಳಿಗೆ. ಆದರೆ ದ್ವಂದ್ವಸಮಾಸದ ಎರಡು ಪದಗಳಿಗೆ ಇಂದು ಒಂದೇ ಗತಿಯಿಲ್ಲ. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ, ಮದುವೆಗಳು ನಡೆಯುವವರೆಗೆ ಅದಕ್ಕೆ ಗಿರಾಕಿಗಳಿರುವರು. ಕಂಬಳಿಯ ಸ್ಥಿತಿ ಹಾಗಿಲ್ಲ. ಯಂತ್ರದ ಅಗ್ಗದ ಹೊದಿಕೆಗಳು ಸಂತೆಯನ್ನು ತುಂಬಿವೆ. ಕುರಿಯನ್ನು ಮಾಂಸಕ್ಕಾಗಿಯೇ ಸಾಕುವುದು ಹೆಚ್ಚಾಗಿ, ಒರಟು ಉಣ್ಣೆಯನ್ನು ಕೊಳ್ಳುವವರಿಲ್ಲದೆ ಕತ್ತರಿಸಿದಲ್ಲಿಯೇ ಬಿಟ್ಟುಹೋಗುವುದನ್ನು ನಾನೇ ಕಂಡಿದ್ದೇನೆ. ಮೇವಿನ ನೆಲವೂ ಕುಗ್ಗಿದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರನ್ನು ಪಡೆಯಿತಷ್ಟೆ. ಆ ದನಗಳಿಗಾಗಿ ಕಾದಿಟ್ಟ ಕಾವಲುಗಳಲ್ಲಿ ಕುರಿಗಳೂ ತಲೆಮಾರುಗಳಿಂದ ಮೇದುಕೊಂಡಿದ್ದುವು. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಹತ್ತು ಸಾವಿರ ಎಕರೆಯಷ್ಟು 2010ರ ಆಸುಪಾಸಿನಲ್ಲಿ ವಿಜ್ಞಾನಸಂಸ್ಥೆಗಳಿಗೂ ರಕ್ಷಣಾಸಂಶೋಧನೆಗೂ ಹಂಚಿಕೆಯಾಯಿತು, ಗೋಡೆಗಳೆದ್ದುವು, ಹಸಿರು ನ್ಯಾಯಪೀಠದ ಮುಂದೆ ವ್ಯಾಜ್ಯವೂ ನಡೆಯಿತು. ವಿದ್ಯೆಗೆ ನೆಲ ಬೇಡವೆಂದು ವಿದ್ಯೆಯಿಂದಲೇ ಬಾಳುವ ನಾನು ಹೇಳಲಾರೆನು. ಗೋಡೆಯ ಆಚೆಗೆ ಹೋದುದರಲ್ಲಿ ನಮ್ಮ ನಿಘಂಟಿನ ಕೆಲವು ಪುಟಗಳೂ ಇದ್ದುವೆಂದು ಮಾತ್ರ ಹೇಳಬಲ್ಲೆನು.

ಮೇಲೆ ಹೇಳಿದ ಹಿರಿಯ ನೇಕಾರರ ಮಕ್ಕಳು ಬೇರೆ ಕೆಲಸಗಳನ್ನು ಹಿಡಿದಿದ್ದಾರೆ. ಮಗ್ಗದ ಗುಂಡಿಯಲ್ಲಿ ಕುಳಿತೇ ಅವರು ನನಗೆ ಹೇಳಿದ ಮಾತುಗಳಲ್ಲಿ, ಕುರಿಮರಿಯ ಮೊದಲ ಕತ್ತರಿಯ ಉಣ್ಣೆಗೆ ಒಂದು ಹೆಸರು, ಪಟ್ಟೆಯ ಅಗಲವನ್ನು ಹೇಳುವುದಕ್ಕೆ ಎರಡು, ಸರಿಯು ಹದವಾಗಿ ಒಣಗಿದ ಗಳಿಗೆಗೆ ಒಂದು, ಹೀಗೆ ಹಲವು ನನ್ನಲ್ಲಿರುವ ಯಾವ ಕೋಶದಲ್ಲಿಯೂ ಸಿಕ್ಕಲಿಲ್ಲ. ಅವರ ಉಚ್ಚಾರಣೆಯನ್ನು ಮತ್ತೊಮ್ಮೆ ಕೇಳಿ ತಿದ್ದಿಕೊಂಡ ಮೇಲೆ ಪಟ್ಟಿಯನ್ನು ಪ್ರಕಟಿಸಬೇಕೆಂದಿದ್ದೇನೆ. ಹಿರಿಯೂರು, ದಾವಣಗೆರೆ, ಬಳ್ಳಾರಿಯ ಕಡೆಗಳಲ್ಲಿ ಪಾಠ ಹೇಳುತ್ತಿರುವ ಅಧ್ಯಾಪಕಮಿತ್ರರು ತಮ್ಮ ಸುತ್ತಲಿನ ಮಗ್ಗಗಳಿಂದ ಇಂತಹ ಶಬ್ದಗಳನ್ನು ಬರೆದುಕೊಂಡು ಈ ಪತ್ರಿಕೆಗೆ ಕಳುಹಿಸಿದರೆ ಹೋಲಿಸಿ ನೋಡುವುದಕ್ಕೆ ಅನುಕೂಲವಾಗುವುದು. ಅಜ್ಜನ ಕಂಬಳಿಯನ್ನು ಮೊನ್ನೆ ತಕ್ಕಡಿಗೆ ಹಾಕಿಸಿದೆನು. ತುದಿಗಳು ನುಸಿ ತಿಂದು ಸವೆದಿದ್ದರೂ ಮೂರು ಕಿಲೋಗ್ರಾಮಿಗೆ ಸ್ವಲ್ಪವೇ ಕಡಿಮೆ ತೂಗಿತು.