ಫಾರ್ಮಸಿ ಶಿಕ್ಷಣದಲ್ಲಿ ಪೂರಕ ಚಿಕಿತ್ಸಾ ಪದ್ಧತಿಗಳು

ಗಿಡಮೂಲಿಕೆ, ಪೋಷಕಾಂಶದ ಪೂರಕಗಳು, ಹೋಮಿಯೋಪಥಿ, ಅಕ್ಯುಪಂಕ್ಚರ್ ಮೊದಲಾದವನ್ನು ಕುರಿತು ಫಾರ್ಮಸಿ ವಿದ್ಯಾರ್ಥಿಗಳಿಗೆ ನಡೆಯುವ ಬೋಧನೆ. ಅಮೆರಿಕದಲ್ಲಿ ಇದಕ್ಕೆ ಒತ್ತು ಸಿಕ್ಕಿದ್ದು 1990ರ ದಶಕದಲ್ಲಿ. ಬೇರು ಇನ್ನೂ ಹಳೆಯದು. 1821ರಲ್ಲಿ ಫಿಲಡೆಲ್ಫಿಯಾದಲ್ಲಿ ಆ ದೇಶದ ಮೊದಲ ಫಾರ್ಮಸಿ ಕಾಲೇಜು ತೆರೆದಾಗ ಮದ್ದೆಂದರೆ ಬಹುಪಾಲು ಬೇರು, ತೊಗಟೆ, ಎಲೆ. ಅವನ್ನು ಗುರುತಿಸುವ, ಕಲಬೆರಕೆ ಹಿಡಿಯುವ ವಿದ್ಯೆಯೇ ಫಾರ್ಮಕಾಗ್ನಸಿಯಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಕಾರ್ಖಾನೆಯ ಗುಳಿಗೆಗಳು ಬಂದ ಮೇಲೆ ಅದಕ್ಕೆ ಪಠ್ಯದಲ್ಲಿ ಜಾಗ ಕುಗ್ಗುತ್ತ ಹೋಯಿತು.

ಜನರು ಮಾತ್ರ ಗಿಡಮೂಲಿಕೆ ಬಿಟ್ಟಿರಲಿಲ್ಲ. ಡೇವಿಡ್ ಐಸೆನ್‌ಬರ್ಗ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕರಲ್ಲಿ ಮೂವರಲ್ಲೊಬ್ಬರು ಇಂಥ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರು. ಹೆಚ್ಚಿನವರು ಅದನ್ನು ತಮ್ಮ ವೈದ್ಯರಿಗೆ ತಿಳಿಸಿರಲಿಲ್ಲ. ಅಮೆರಿಕದಲ್ಲಿ ಪೂರಕಗಳ ಕುರಿತು 1994ರಲ್ಲಿ ಬಂದ ಕಾಯ್ದೆಯಿಂದ ಅವುಗಳ ಮಾರಾಟ ಇನ್ನಷ್ಟು ಸಲೀಸಾಯಿತು: ಮಾರುವ ಮೊದಲು ಅವು ಫಲ ಕೊಡುತ್ತವೆಂದು ಸರ್ಕಾರಕ್ಕೆ ಸಾಬೀತುಪಡಿಸಬೇಕಿರಲಿಲ್ಲ. ವೈದ್ಯರಿಗೆ ಹೇಳದವರು ಔಷಧದಂಗಡಿಯಲ್ಲಿ ಕೇಳಬಹುದಿತ್ತು. ಉತ್ತರಿಸಬೇಕಾದ ಫಾರ್ಮಸಿಸ್ಟ್‌ಗೆ ಪಾಠವೇ ಆಗಿರಲಿಲ್ಲವೆಂದರೆ ನಷ್ಟ ರೋಗಿಯದೇ.

ಪರ್ಡ್ಯೂ ವಿಶ್ವವಿದ್ಯಾಲಯದ ವಾರೊ ಟೈಲರ್ ಈ ಕೊರತೆಯನ್ನು ಬಹು ಮೊದಲೇ ಕಂಡವರು. 1982ರಲ್ಲಿ ಬಂದ ಅವರ ‘ದಿ ಆನೆಸ್ಟ್ ಹರ್ಬಲ್’ ಒಂದೊಂದು ಮೂಲಿಕೆಗೂ ಇರುವ ಆಧಾರವೆಷ್ಟು, ಅಪಾಯವೆಷ್ಟು ಎಂದು ತೂಗಿ ನೋಡಿತು. ಮೂಲಿಕೆಯನ್ನು ಹೊಗಳುವವರಿಗೂ ಹಳಿಯುವವರಿಗೂ ಬೇಕಾಗಿದ್ದ ಶಿಸ್ತು ಅದು.

ಇಂಥ ಬೋಧನೆಯ ತುರ್ತನ್ನು ಮನಗಾಣಿಸಿದ್ದು ಸೇಂಟ್ ಜಾನ್ಸ್ ವರ್ಟ್. ಖಿನ್ನತೆಗೆಂದು ಜನ ತಾವಾಗಿಯೇ ಕೊಳ್ಳುತ್ತಿದ್ದ ಈ ಮೂಲಿಕೆ ಎಚ್‌ಐವಿ ಔಷಧವಾದ ಇಂಡಿನಾವಿರ್‌ನ ಮಟ್ಟವನ್ನು ರಕ್ತದಲ್ಲಿ ಅರ್ಧಕ್ಕಿಂತ ಕೆಳಗಿಳಿಸುತ್ತದೆಂದು 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ವರದಿ ಮಾಡಿತು. ಹೃದಯ ಕಸಿಯಾಗಿದ್ದ ಇಬ್ಬರಲ್ಲಿ ಅದು ಕಸಿಯ ತಿರಸ್ಕಾರವನ್ನು ತಡೆಯುವ ಸೈಕ್ಲೋಸ್ಪೋರಿನ್ ಔಷಧದ ಮಟ್ಟವನ್ನು ತಗ್ಗಿಸಿದ್ದರಿಂದ ದೇಹವು ಹೊಸ ಹೃದಯವನ್ನು ತಿರಸ್ಕರಿಸತೊಡಗಿತ್ತು. ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಅದು ಚುರುಕುಗೊಳಿಸುವುದು ಇದಕ್ಕೆ ಮುಖ್ಯ ಕಾರಣ. ಸಸ್ಯವನ್ನು ಗುರುತಿಸಬಲ್ಲವನಷ್ಟೇ ಸಾಲದು, ‘ಬೇರೆ ಏನು ತಗೋತಿದ್ದೀರಿ?’ ಎಂದು ಕೇಳಬಲ್ಲ ಫಾರ್ಮಸಿಸ್ಟ್ ಬೇಕು ಎಂಬುದು ಇಂಥ ಪ್ರಕರಣಗಳಿಂದ ಸ್ಪಷ್ಟವಾಯಿತು. ಅಮೆರಿಕದ ಮಾನ್ಯತಾ ಮಂಡಳಿ ಎಸಿಪಿಇಯ 2016ರ ಮಾನದಂಡಗಳಲ್ಲಿ ನೈಸರ್ಗಿಕ ಉತ್ಪನ್ನ ಮತ್ತು ಪೂರಕ ಚಿಕಿತ್ಸೆಗಳು ಕಡ್ಡಾಯ ವಿಷಯಗಳ ಪಟ್ಟಿಯಲ್ಲಿದ್ದವು.

ಭಾರತದಲ್ಲಿ ಆಯುರ್ವೇದಕ್ಕೆ ಬೇರೆ ಪದವಿಗಳಿದ್ದರೂ ಫಾರ್ಮಕಾಗ್ನಸಿ ಬಿ.ಫಾರ್ಮದಿಂದ ಮರೆಯಾಗಲಿಲ್ಲ. ಭಾರತೀಯ ಫಾರ್ಮಸಿ ಪರಿಷತ್ತಿನ ಪಠ್ಯಕ್ರಮದಲ್ಲಿ ಆರನೆಯ ಸೆಮಿಸ್ಟರ್‌ಗೆ ‘ಹರ್ಬಲ್ ಡ್ರಗ್ ಟೆಕ್ನಾಲಜಿ’ ಇದೆ. ಅಶ್ವಗಂಧ, ಮೆಂತ್ಯ, ನೆಲ್ಲಿಯ ಜೊತೆಗೆ ಬೆಳ್ಳುಳ್ಳಿ, ಕಾಳುಮೆಣಸು ಬೇರೆ ಮದ್ದುಗಳೊಡನೆ ಹೇಗೆ ವರ್ತಿಸುತ್ತವೆ ಎಂಬುದೂ ಅದರಲ್ಲಿ ಸೇರಿದೆ. ಆದರೆ ಆ ಪತ್ರಿಕೆಯ ಹೆಚ್ಚಿನ ಭಾಗ ತಯಾರಿಕೆ, ಗುಣಮಟ್ಟ, ನಿಯಮಗಳಿಗೆ ಮೀಸಲು. ಮನೆಮನೆಯಲ್ಲೂ ಕಷಾಯ ಕುದಿಸುವ ದೇಶದಲ್ಲಿ ಈ ಪ್ರತಿಕ್ರಿಯೆಗಳ ಪಾಠಕ್ಕೆ ಇನ್ನೂ ಹೆಚ್ಚು ಜಾಗ ಸಲ್ಲಬೇಕು.